ಮುಂದಿನ ಚಕ್ರ

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಲೆನ್ಸಿನ ಅಂಚು ಉಜ್ಜುವ ಯಂತ್ರದ ಮುಂದೆ ಕೂತಿದ್ದ ಅವಳು ಆ ಶನಿವಾರ ಬೆಳಿಗ್ಗೆ ಒಂದೇ ಫ್ರೇಮಿಗೆ ಎರಡು ಲೆನ್ಸು ಕೆಡಿಸಿದಳು. ಮೊದಲನೆಯದು ಕೂದಲೆಳೆಯಷ್ಟು ಸಣ್ಣದಾಗಿ, ಫ್ರೇಮಿನಿಂದ ಜಾರಿ ಮೇಜಿನ ಮೇಲೆ ಬಿತ್ತು. ಎರಡನೆಯದು ಒಳಗೆ ಕೂರಲಿಲ್ಲ. ಹೆಬ್ಬೆರಳಿನಿಂದ ಒತ್ತಿದ್ದಕ್ಕೆ ಅಂಚಿನ ಚಕ್ಕೆ ಎದ್ದಿತು. ಹದಿನಾರು ವರ್ಷದ ಕೆಲಸದಲ್ಲಿ ಹೀಗಾಗಿರಲಿಲ್ಲ. ಸದ್ದು ಕೇಳಿ ಪರದೆ ಸರಿಸಿ ಬಂದ ಮಾಲೀಕರು ಒಡೆದ ಲೆನ್ಸನ್ನು ನೋಡಿಯೂ ನೋಡದವರಂತೆ, "ಮನೇಲಿ ಹೇಗಿದಾರಮ್ಮ ಅವರು?" ಎಂದು ಕೇಳಿದರು. "ಪರವಾಗಿಲ್ಲ ಸರ್. ನಾಳೆ ಮೆಟ್ಟಿಲು ಇಳೀತಾರಂತೆ," ಎಂದಳು. "ನೋಡಿ, ಎಷ್ಟು ಒಳ್ಳೇ ಸುದ್ದಿ. ಯಮನ ಬಾಯಿಂದ ಎಳ್ಕೊಂಡು ಬಂದ್ರಿ ನೀವು. ಬೇರೆಯವರಾಗಿದ್ರೆ ಯಾವಾಗಲೋ ಕೈ ಬಿಡ್ತಿದ್ರು." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಅವಳ ಕೈ ತಾನಾಗಿ ಮಡಿಲಲ್ಲಿದ್ದ ಚೀಲದ ಬಾಯಿ ಮುಚ್ಚಿತು. ಚೀಲದೊಳಗೆ ಒಂದು ಚೀಟಿ ಇತ್ತು. ಲೆನ್ಸಿನ ದಪ್ಪ ಅಳೆಯುವ ಕ್ಯಾಲಿಪರನ್ನು ಹಿಂದಿನ ದಿನ ಯಾರಿಗೂ ಹೇಳದೆ ಮನೆಗೆ ಒಯ್ದು, ಮೆಟ್ಟಿಲ ಕೆಳಗೆ ಕುಕ್ಕರಗಾಲಲ್ಲಿ ಕೂತು, ಹಳೆಯ ಮೋಟಾರ್‌ಸೈಕಲ್ಲಿನ ಮುಂದಿನ ಫೋರ್ಕಿನ ಅಗಲವನ್ನೂ, ಚಕ್ರ ಪೋಣಿಸುವ ಆಕ್ಸಲಿನ ದಪ್ಪವನ್ನೂ, ಹಿಂದಿನ ಚಕ್ರ ನೋಡಿ ಇಂಚು, ಕಡ್ಡಿಗಳ ಲೆಕ್ಕವನ್ನೂ ಅಳೆದು ಬರೆದುಕೊಂಡಿದ್ದ ಚೀಟಿ. ಫೋರ್ಕು ಇತ್ತು, ಆಕ್ಸಲು ಇತ್ತು. ಮುಂದಿನ ಚಕ್ರ ಮಾತ್ರ ಇರಲಿಲ್ಲ. "ಸರ್, ಮಧ್ಯಾಹ್ನ ಅರ್ಧ ದಿನ ರಜೆ ಬೇಕಿತ್ತು," ಎಂದಳು. "ಹೋಗಿ ಹೋಗಿ. ಅವರ ಹತ್ರ ಇರಿ," ಎಂದರು ಮಾಲೀಕರು.

ಏಳು ತಿಂಗಳ ಹಿಂದೆ ಅವಳ ಗಂಡ ಯಾರದೋ ಮನೆಯ ಗೋಡೆಯೆದುರು ನಿಂತು ಕರೆಂಟ್ ಮೀಟರಿನ ಅಂಕಿ ಬರೆದುಕೊಳ್ಳುತ್ತಿದ್ದವನು ಪೆನ್ನು ಕೈಯಲ್ಲಿರುವಂತೆಯೇ ಕುಸಿದಿದ್ದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ನಲವತ್ತಮೂರು ದಿನ ಕಣ್ಣು ಬಿಡಲಿಲ್ಲ. ನಲವತ್ತನಾಲ್ಕನೆಯ ದಿನ ಬಿಟ್ಟ. ಬಿಟ್ಟವನು ಅವಳನ್ನು ನೋಡಿ, ತೊದಲುತ್ತ, ಗಾಡಿಯನ್ನು ಆ ಮನೆಯ ಮುಂದೆ ಬಿಸಿಲಲ್ಲೇ ಬಿಟ್ಟೆಯಾ ಎಂದು ಕೇಳಿದ. ನರ್ಸು ನಕ್ಕಳು. ಪಕ್ಕದ ಹಾಸಿಗೆಯ ರೋಗಿಯ ತಾಯಿ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ಅವಳೂ ಅತ್ತಳು. ಆದರೆ ಆ ಅಳುವಿನ ತಳದಲ್ಲಿ, ಬಾವಿಗೆ ಬಿದ್ದ ಬಿಂದಿಗೆ ತಳ ಮುಟ್ಟಿದ ಹಾಗೆ, ಟಣ್ಣೆಂದು ಒಂದು ಸದ್ದಾಗಿದ್ದು ಅವಳಿಗೊಬ್ಬಳಿಗೇ ಕೇಳಿತ್ತು: ಗಾಡಿ ಬಿಸಿಲಲ್ಲಿಲ್ಲ, ಮನೆಯ ಮೆಟ್ಟಿಲ ಕೆಳಗಿದೆ, ಮುಂದಿನ ಚಕ್ರವಿಲ್ಲದೆ ಇಟ್ಟಿಗೆಯ ಮೇಲೆ ನಿಂತಿದೆ. ಮನೆಗೆ ಕರೆತಂದ ಮೇಲೆ ಅವನು ಮಹಡಿಯ ಕೋಣೆ ಬಿಟ್ಟು ಕೆಳಗಿಳಿಯುವಂತಿರಲಿಲ್ಲ. ಅದು ಅವಳಿಗೆ ಅನುಕೂಲವಾಯಿತು. ಅನುಕೂಲವಾಯಿತು ಎಂಬ ಮಾತು ಮನಸ್ಸಿಗೆ ಬಂದಾಗಲೆಲ್ಲ ಅವಳು ಒಲೆಯ ಮೇಲಿಟ್ಟ ಪಾತ್ರೆಯನ್ನೋ ಒಣಗಲು ಹಾಕಿದ ಬಟ್ಟೆಯನ್ನೋ ನೆಪ ಮಾಡಿ ಎದ್ದುಹೋಗುತ್ತಿದ್ದಳು. ಗಾಡಿಗೆ ಟಾರ್ಪಾಲು ಹೊದಿಸಿ ನಾಲ್ಕೂ ಕಡೆ ಹಗ್ಗ ಬಿಗಿದಳು. ಹಗಲು ಅವನನ್ನು ನೋಡಿಕೊಳ್ಳಲು ಬರುತ್ತಿದ್ದ ನಾದಿನಿ, "ಅದನ್ನ ಯಾಕೆ ಹೆಣ ಕಟ್ಟಿದ ಹಾಗೆ ಕಟ್ಟಿದೀರಿ ಅತ್ತಿಗೆ?" ಎಂದಾಗ, ಇಲಿ ಕಾಟ ಎಂದಳು. ಗಂಡ ದಿನವೂ ಒಂದು ಮೆಟ್ಟಿಲು, ಎರಡು ಮೆಟ್ಟಿಲು ಎಂದು ಅಭ್ಯಾಸ ಮಾಡುತ್ತ ಗುರುವಾರ ಆರು ಮೆಟ್ಟಿಲಿಳಿದು ಹತ್ತಿದ. ಬೆವರೊರೆಸಿಕೊಳ್ಳುತ್ತ, "ಭಾನುವಾರ ಪೂರ್ತಿ ಇಳೀತೀನಿ. ಗಾಡಿ ಮೇಲೆ ಒಂದು ಸಲ ಕೂರಬೇಕು ಕಣೆ. ಓಡಿಸಲ್ಲ, ಹೆದರಬೇಡ," ಎಂದ.

ಹಳೆಯ ಬಿಡಿಭಾಗಗಳ ಬೀದಿಗೆ ಅವಳು ಅದೇ ಮೊದಲು ಹೋದದ್ದು. ಎರಡೂ ಕಡೆ ಅಂಗಡಿಗಳ ಮುಂದೆ ಪೆಟ್ರೋಲ್ ಟ್ಯಾಂಕುಗಳು, ಕನ್ನಡಿಗಳು, ಹಾರದಂತೆ ಪೋಣಿಸಿ ತೂಗುಬಿಟ್ಟ ಚೈನುಗಳು. ಮೊದಲ ಅಂಗಡಿಯವನು ಮಾಡೆಲ್ಲಿನ ಹೆಸರು ಕೇಳಿದ್ದೇ ಪಕ್ಕದವನ ಕಡೆ ತಿರುಗಿ, "ಇನ್ನೂ ಇದಾವಂತೆ ನೋಡೋ ಇವು," ಎಂದ. ಎರಡನೆಯವನು, "ಹದಿನೆಂಟು ಇಂಚೋ ಹತ್ತೊಂಬತ್ತೋ? ಮೂವತ್ತಾರು ಕಡ್ಡೀದೋ ನಲವತ್ತರದೋ? ಗಂಡಸರನ್ನ ಯಾರನ್ನಾದ್ರೂ ಕಳಿಸಿ ಮೇಡಂ, ನಿಮಗೆ ಗೊತ್ತಾಗಲ್ಲ," ಎಂದ. ಅವಳು ಚೀಟಿ ತೆಗೆದು, ಇಂಚು, ಕಡ್ಡಿಗಳ ಲೆಕ್ಕ, ಆಕ್ಸಲಿನ ದಪ್ಪ ಎಲ್ಲ ಓದಿದಳು. ಅವನಿಗೆ ಅವಮಾನವಾದಂತೆ ಕಂಡಿತು. ಇಲ್ಲ ಎಂದು ಕೈಯಾಡಿಸಿ ಫೋನು ಎತ್ತಿಕೊಂಡ. ಮೂರನೆಯ, ನಾಲ್ಕನೆಯ ಅಂಗಡಿಯಲ್ಲಿ ಚಕ್ರಗಳನ್ನು ತೋರಿಸಿದರು. ನೋಡಲು ಎಲ್ಲವೂ ಅದರಂತೆಯೇ ಇದ್ದವು. ಅವಳು ಕ್ಯಾಲಿಪರ್ ಹಿಡಿದು ನಡುವಿನ ತೂತಿನಲ್ಲಿ ಅಳೆದಾಗ ಒಂದರದು ಎರಡು ಮಿಲಿಮೀಟರು ಹೆಚ್ಚು, ಇನ್ನೊಂದರದು ಮೂರು ಕಡಿಮೆ. ಒಂದೇ ಥರ ಕಾಣುವುದಕ್ಕೂ ಕೂರುವುದಕ್ಕೂ ಎಷ್ಟು ವ್ಯತ್ಯಾಸವಿದೆಯೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ದಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಅವಳ ಪಕ್ಕದ ಬೆಂಚಿನಲ್ಲಿ ಕೂತಿದ್ದ ಗಂಡನ ಸ್ನೇಹಿತನೂ ಹೀಗೇ ಹೇಳಿದ್ದ: ಎಲ್ಲ ಕಡೆ ಹುಡುಕಿದೆ ಅತ್ತಿಗೆ, ಹಾಗೇ ಕಾಣುತ್ತವೆ, ಒಂದೂ ಕೂರೋದಿಲ್ಲ. ಸ್ಟುಡಿಯೋ ಇಟ್ಟುಕೊಂಡಿದ್ದ ಫೋಟೋಗ್ರಾಫರ್ ಆತ. ಗಂಡ ಅವನನ್ನು ಫ್ಲ್ಯಾಶ್ ಎಂದೇ ಕರೆಯುತ್ತಿದ್ದ. ಇಬ್ಬರೂ ಒಂದೇ ವರ್ಷ, ಒಂದೇ ಮಾಡೆಲ್ಲಿನ ಗಾಡಿ ಕೊಂಡವರು. ಇಪ್ಪತ್ತೆರಡು ವರ್ಷ ಭಾನುವಾರ ಭಾನುವಾರ ಅವುಗಳನ್ನು ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿ, ಉಳಿದ ನಟ್ಟು ಯಾರದೆಂದು ಜಗಳವಾಡಿದವರು. ಹಳ್ಳಕ್ಕೆ ಬಿದ್ದು ಸ್ನೇಹಿತನ ಗಾಡಿಯ ಮುಂದಿನ ಚಕ್ರದ ನಡುಭಾಗ ಸೀಳಿತ್ತು. ಅವನು ಅದನ್ನು ಹೇಳಿದ. ಆಮೇಲೆ ಅವಳ ಗಂಡನ ಗಾಡಿಯ ಮಾತೆತ್ತಿ, "ಹೇಗೂ ಇನ್ನು ಅದನ್ನ ಯಾರು ಓಡಿಸ್ತಾರೆ," ಎಂದ. ಅವಳು ತಲೆಯಾಡಿಸಿದಳು. ಆವತ್ತಿಗೆ ಗಂಡ ಆಸ್ಪತ್ರೆ ಸೇರಿ ಹತ್ತೊಂಬತ್ತು ದಿನ.

ಬೀದಿಯ ಕೊನೆಯಲ್ಲಿ, ಗೋಡೆ ಮತ್ತು ಗೋಡೆಯ ನಡುವಿನ ಸಂದಿಯಷ್ಟೇ ಅಗಲದ ಮಳಿಗೆಯಲ್ಲಿ ಒಬ್ಬ ಮುದುಕ ಚಕ್ರಕ್ಕೆ ಕಡ್ಡಿ ಕಟ್ಟುತ್ತಿದ್ದ. ನಾಲ್ಕನೆಯ ಅಂಗಡಿಯವನು, "ಕಡ್ಡಿ ತಾತನ ಹತ್ರ ಇಲ್ಲ ಅಂದ್ರೆ ಭೂಮಿ ಮೇಲೆ ಇಲ್ಲ ಅಂತ ಲೆಕ್ಕ," ಎಂದು ಕಳಿಸಿದ್ದ. ಮುದುಕ ಅವಳ ಚೀಟಿಯನ್ನು ದೂರ ಹಿಡಿದು ಓದಿದ. ಅವನ ಕನ್ನಡಕದ ಬಲಗಡೆಯ ಲೆನ್ಸು ಸಡಿಲವಾಗಿ ಅಲುಗುತ್ತಿತ್ತು. ಅದನ್ನು ಬಿಗಿಮಾಡಿಕೊಡಲು ಅವಳ ಬೆರಳು ತುಡಿಯಿತು. "ಅಳತೆ ಯಾರು ತೆಗೆದದ್ದು?" ಎಂದು ಕೇಳಿದ. "ನಾನೇ." "ಚೆನ್ನಾಗಿ ತೆಗೆದಿದ್ದೀಯ ತಾಯಿ. ಗಾಡಿ ಯಾರದು?" "ನಮ್ಮ ಯಜಮಾನರದು. ಹುಷಾರಿಲ್ಲ, ಅದಕ್ಕೆ ನಾನು ಬಂದೆ." ಮುದುಕ ಚೀಟಿ ಹಿಂದಿರುಗಿಸಿದ. "ರಿಮ್ಮು ಸಿಗುತ್ತೆ, ಕಡ್ಡಿ ನಾನು ಕಟ್ತೀನಿ. ಈ ನಡುವಿನ ಹಬ್ಬು ಇದೆಯಲ್ಲ, ಅದು ಸಿಗಲ್ಲ. ಮಾಡೋದು ನಿಲ್ಲಿಸಿ ಎಷ್ಟೋ ವರ್ಷ ಆಯ್ತು. ಈ ಊರಲ್ಲಿ ನಾನು ಕೊನೇ ಸಲ ನೋಡಿದ್ದು ಆರು ತಿಂಗಳ ಹಿಂದೆ. ಒಬ್ಬ ಫೋಟೋಗ್ರಾಫರ್ ತಂದಿದ್ದ, ಸೊಟ್ಟ ತೆಗೆಸೋಕೆ. ತೀರಿಹೋದ ಸ್ನೇಹಿತನ ಗಾಡೀದಂತೆ."

ಅವಳು ಚೀಟಿಯನ್ನು ಮಡಚಿದಳು. "ತೀರಿಹೋದ್ರು ಅಂತ ಹೇಳಿದ್ರಾ?" "ಹೇಳೋದೇನು, ಇಲ್ಲೇ, ಈ ಡಬ್ಬದ ಮೇಲೆ ಕೂತು ಅತ್ತ. ಹೆಂಡತಿ ತಾನೇ ಮುಂದೆ ನಿಂತು ಬಿಚ್ಚಿಸಿ ಕೊಟ್ಟಳಂತೆ. ಕೆಲವು ಹೆಂಗಸರು ಹಾಗೆ, ಗಟ್ಟಿ. ನಮ್ಮನೆಯವಳು ನಾನು ಎರಡು ಸಲ ಸೀನಿದ್ರೆ ಮೂಗು ಒರೆಸ್ಕೊಂಡು ಅಳೋಕೆ ಕೂರ್ತಾಳೆ." ಮುದುಕ ನಕ್ಕ. ಅವಳೂ ನಗುವಿನಂಥದ್ದೊಂದನ್ನು ಮುಖಕ್ಕೆ ತಂದುಕೊಂಡಳು. ಆ ಹೆಂಡತಿ ನಾನೇ, ಆ ತೀರಿಹೋದ ಸ್ನೇಹಿತ ಬೆಳಿಗ್ಗೆ ನನ್ನ ಕೈಯಿಂದ ಎರಡು ಲೋಟ ಗಂಜಿ ಕುಡಿದ ಎನ್ನಬಹುದಿತ್ತು. "ಆತನ್ನೇ ಹೋಗಿ ಕೇಳು. ಸ್ಟುಡಿಯೋ ಇಲ್ಲಿಂದ ದೂರ ಏನಲ್ಲ. ಅಳುವ ಮನುಷ್ಯ, ಕೊಟ್ಟರೂ ಕೊಟ್ಟಾನು," ಎಂದ ಮುದುಕ. "ಬೇಡ," ಎಂದಳು ಅವಳು, ತೀರ ಬೇಗ. "ಬೇರೆ ಏನಾದ್ರೂ ದಾರಿ ಇದೆಯಾ?" ಮುದುಕ ಅವಳನ್ನು ಒಂದು ಗಳಿಗೆ ನೋಡಿ, ಎದ್ದು, ಹಿಂದಿನ ರಾಶಿಯಿಂದ ಒಂದು ಚಕ್ರವನ್ನು ಎಳೆದು ತಂದ. ಇಂಚು ಅದೇ, ಕಡ್ಡಿಗಳ ಲೆಕ್ಕ ಅದೇ, ಮಸುಕಾದ ಹೊಳಪೂ ಅದೇ. "ಒಳಗೊಂದು ತೆಳು ಬಳೆ, ಬುಷ್ ಅಂತೀವಿ, ಹಾಕಿಕೊಟ್ರೆ ನಿನ್ನ ಆಕ್ಸಲಿಗೆ ಕೂರುತ್ತೆ. ಆದ್ರೆ ನಿಲ್ಲಿಸೋಕೆ ಆಗುತ್ತೆ, ಓಡಿಸೋಕಲ್ಲ. ಇದರ ಡ್ರಮ್ಮು, ಬ್ರೇಕ್ ಕೂರೋ ಗುಂಡಿ, ಚಿಕ್ಕದು, ನಿಮ್ಮ ಗಾಡಿಯ ಬ್ರೇಕ್ ಪ್ಲೇಟು ಒಳಗೆ ಹೋಗಲ್ಲ. ಮುಂದಿನ ಬ್ರೇಕೇ ಇರಲ್ಲ. ತಿಳೀತಾ?" ಅವಳು ಕೇಳಿದಳು, "ಆ ಪ್ಲೇಟು ಯಾವ ಕಡೆ ಬರುತ್ತೆ?" "ಎಡಗಡೆ. ಯಾಕೆ?" "ಏನಿಲ್ಲ," ಎಂದಳು.

ಎಡಗಡೆ ಎಂಬ ಮಾತು ಕಿವಿಗೆ ಬಿದ್ದಾಗ ಎದೆ ಹಗುರವಾದದ್ದನ್ನು ಅವಳಿಗೆ ಆಮೇಲೆ ಎಷ್ಟು ಉಜ್ಜಿದರೂ ಅಳಿಸಲಾಗಲಿಲ್ಲ. ಗಂಡನ ನೋಟದ ಎಡಭಾಗ ಹೋಗಿತ್ತು. ತಟ್ಟೆಯ ಎಡಗಡೆ ಬಡಿಸಿದ್ದು ಹಾಗೇ ಉಳಿಯುತ್ತಿತ್ತು. ಬಾಗಿಲಿನ ಎಡ ಚೌಕಟ್ಟಿಗೆ ಭುಜ ಬಡಿಯುತ್ತಿತ್ತು. ಅದನ್ನು ಡಾಕ್ಟರಿಗಿಂತ ಮೊದಲು ಕಂಡುಹಿಡಿದವಳು ಅವಳೇ. ಹಾಸಿಗೆಯ ಪಕ್ಕ ಕೂತು, ಬೆರಳನ್ನು ನಿಧಾನವಾಗಿ ಬದಿಯಿಂದ ನಡುವಿಗೆ ತರುತ್ತ, "ಈಗ ಕಾಣುತ್ತಾ? ಈಗ?" ಎಂದು ಕೇಳಿ, ಅವನು ಇಲ್ಲ, ಇಲ್ಲ, ಹಾಂ ಈಗ ಎಂದಾಗ ಗಲ್ಲ ಸವರಿ, ಪರವಾಗಿಲ್ಲ ಬಿಡಿ, ಆ ಕಡೆಗೆ ನಾನಿರ್ತೀನಿ ಎಂದಿದ್ದಳು. ಈಗ ಆ ಕಡೆಗೆ ಈ ಸುಳ್ಳು ಚಕ್ರವನ್ನು ಇಡುತ್ತಿದ್ದಳು. ಮುದುಕ ಬುಷ್ ಹೊಡೆದು ಕೊಟ್ಟ ಚಕ್ರವನ್ನು ಎತ್ತಲಾರದೆ ಅವಳು ಕಾಲುದಾರಿಯ ಮೇಲೆ ಉರುಳಿಸಿಕೊಂಡು ಹೊರಟಳು. ಅದು ನೆಟ್ಟಗೆ ಹೋಗುತ್ತಿರಲಿಲ್ಲ. ಬಿಟ್ಟರೆ ಬೀದಿಗೆ ವಾಲುತ್ತಿತ್ತು, ಒತ್ತಿದರೆ ಸೀರೆಗೆ ಜಿಡ್ಡು ಹತ್ತುತ್ತಿತ್ತು. ಎದುರು ಬಂದವರು ದಾರಿ ಬಿಟ್ಟು ನಿಂತು ನೋಡಿದರು. ಅವಳೇ ಕನ್ನಡಕ ಮಾಡಿಕೊಟ್ಟಿದ್ದ ಗಿರಾಕಿಯೊಬ್ಬರು ಗುರುತು ಹಿಡಿದು, "ಏನಮ್ಮ, ಚಕ್ರ ಮುಂದೆ ಹೊರಟಿದೆ, ಗಾಡಿ ಹಿಂದೆ ಬರ್ತಿದೆಯಾ?" ಎಂದರು. ತಮಾಷೆಗೆ ಅಂದದ್ದು. ಅವಳು ಅವರ ಕನ್ನಡಕವನ್ನು ಮಾತ್ರ ನೋಡಿ ಮುಂದೆ ಹೋದಳು.

ಮನೆ ಮುಟ್ಟುವಾಗ ನಾಲ್ಕು ಗಂಟೆ. ಮಹಡಿಯಲ್ಲಿ ಅವನು ಮಲಗಿದ್ದ, ನಾದಿನಿ ಟಿವಿ ನೋಡುತ್ತಿದ್ದಳು. ಅವಳು ಟಾರ್ಪಾಲು ಬಿಚ್ಚಿ ಕೆಲಸಕ್ಕೆ ಕೂತಳು. ಸ್ಪ್ಯಾನರಿನ ಯಾವ ಬಾಯಿ ಯಾವ ನಟ್ಟಿಗೆ, ಆಕ್ಸಲು ಯಾವ ಕಡೆಯಿಂದ ತೂರಬೇಕು, ಎಲ್ಲಿ ಸ್ವಲ್ಪ ಎತ್ತಿ ಹಿಡಿಯಬೇಕು, ಎಲ್ಲ ಕೈಗೆ ಗೊತ್ತಿತ್ತು. ಹೇಗೆ ಗೊತ್ತಾಯಿತು ಎಂದು ಅಚ್ಚರಿಪಟ್ಟವಳಿಗೆ ಮರುಗಳಿಗೆಯಲ್ಲೇ ನೆನಪಾಯಿತು. ಬಿಚ್ಚಿದ ದಿನ ಫ್ಲ್ಯಾಶ್‌ನ ಕೈಗೆ ನಟ್ಟು ಬಗ್ಗಲಿಲ್ಲ. ಸ್ಪ್ಯಾನರು ಎರಡು ಸಲ ಜಾರಿತ್ತು. ಕೊಡಿ ಇಲ್ಲಿ ಎಂದು ಅವಳೇ ಇಸಿದುಕೊಂಡು ಬಿಚ್ಚಿದ್ದಳು. ಅದೊಂದು ನೆನಪಾದದ್ದೇ, ಹೊಲಿಗೆಯ ಒಂದು ಎಳೆ ಎಳೆದರೆ ಇಡೀ ಮಡಿಕೆ ಬಿಚ್ಚಿಕೊಳ್ಳುವಂತೆ, ಮೊಗಸಾಲೆಯ ಬೆಂಚೂ ಬಿಚ್ಚಿಕೊಂಡಿತು. ಮಧ್ಯಾಹ್ನ ಬೀದಿಯಲ್ಲಿ ನೆನಪಾದಂತೆ ಅಲ್ಲ, ನಡೆದಂತೆ. ಫ್ಲ್ಯಾಶ್ ತನ್ನ ಗಾಡಿಯ ಮಾತನ್ನು ಆಡಿದ್ದು ಏನನ್ನೂ ಕೇಳಲಿಕ್ಕಲ್ಲ. ಎರಡು ತಾಸಿನಿಂದ ಇಬ್ಬರೂ ಮಾತಿಲ್ಲದೆ ಕೂತಿದ್ದರಿಂದ ಏನಾದರೂ ಆಡಬೇಕೆಂದು ಆಡಿದ್ದ. ಹೇಗೂ ಇನ್ನು ಅದನ್ನ ಯಾರು ಓಡಿಸ್ತಾರೆ, ತಗೊಂಡು ಹೋಗಿ ಎಂದವಳು ಅವಳು. ಅವನು ಬೆಚ್ಚಿ, "ಹಾಗನ್ನಬೇಡಿ ಅತ್ತಿಗೆ," ಎಂದಿದ್ದ. ಅವಳು ಎರಡನೆಯ ಸಲವೂ ಅಂದಿದ್ದಳು. ಹತ್ತೊಂಬತ್ತು ದಿನದ ನಿದ್ದೆಗೆಟ್ಟು, ದಿನವೂ ಏನೂ ಹೇಳೋಕಾಗಲ್ಲ ಎನ್ನುವ ಡಾಕ್ಟರನ್ನು ಕೇಳಿ ಕೇಳಿ, ಏನಾದರೂ ಒಂದು ಮುಗಿಯಲಿ ಎಂದು ಅವಳಿಗೆ ಅನ್ನಿಸಿತ್ತು. ಚಕ್ರ ಬಿಚ್ಚಿಕೊಟ್ಟ ಆ ಸಂಜೆ, ಆಸ್ಪತ್ರೆಗೆ ಸೇರಿಸಿದ ಮೇಲೆ ಮೊದಲ ಸಲ, ಅವಳು ಹೊಟ್ಟೆ ತುಂಬ ಉಂಡಿದ್ದಳು. ಗಂಡನಿಗೆ ಎಚ್ಚರವಾದ ಮೇಲೆ ಫ್ಲ್ಯಾಶ್‌ಗೆ ಫೋನು ಮಾಡಿದವಳೂ ಅವಳೇ. "ಸದ್ಯಕ್ಕೆ ನೀವು ಬರೋದು ಬೇಡ. ಡಾಕ್ಟರು ಯಾರನ್ನೂ ಬಿಡಬೇಡಿ ಅಂದಿದಾರೆ." "ಅತ್ತಿಗೆ, ಆ ಚಕ್ರ…" ಎಂದು ಶುರುಮಾಡಿದವನನ್ನು, "ಅದರ ಮಾತು ಬೇಡ," ಎಂದು ತಡೆದಿದ್ದಳು. ಆ ಬೆಂಚಿನ ಮೇಲೆ ಅವಳು ಆಡಿದ ಮಾತನ್ನು ಕೇಳಿಸಿಕೊಂಡ ಒಂದೇ ಒಂದು ಜೀವ ಅವನು. ಗಂಡ ವಾರಕ್ಕೊಮ್ಮೆಯಾದರೂ, "ಫ್ಲ್ಯಾಶ್ ಯಾಕೆ ಬರಲಿಲ್ಲ?" ಎಂದು ಕೇಳುತ್ತಿದ್ದ. "ಊರಲ್ಲಿಲ್ಲವಂತೆ, ಮಗಳ ಮನೆಗೆ ಹೋಗಿದಾರಂತೆ," ಎನ್ನುತ್ತಿದ್ದಳು. ಇತ್ತೀಚೆಗೆ ಅವನು ಕೇಳುವುದನ್ನು ಬಿಟ್ಟಿದ್ದ. ನಟ್ಟು ಬಿಗಿಯಾಯಿತು. ಗಾಡಿಯಲ್ಲೇ ಉಳಿದಿದ್ದ ಹಳೆಯ ಬ್ರೇಕ್ ಪ್ಲೇಟನ್ನು ಕೇಬಲಿನಿಂದ ಬಿಡಿಸಿ, ಬಟ್ಟೆಯಲ್ಲಿ ಸುತ್ತಿ ಖಾಲಿ ಬಣ್ಣದ ಡಬ್ಬದಲ್ಲಿಟ್ಟಳು. ಇಟ್ಟಿಗೆ ತೆಗೆದಳು. ಗಾಡಿ ತನ್ನೆರಡು ಚಕ್ರದ ಮೇಲೆ ನಿಂತಿತು. ಬಲಗಡೆಯಿಂದ ನೋಡಿದರೆ ಏನೂ ಆಗಿರಲೇ ಇಲ್ಲ.

ಭಾನುವಾರ ಹತ್ತು ಗಂಟೆಗೆ ಅವನು ಇಳಿಯತೊಡಗಿದ. ನಾದಿನಿ ಅವತ್ತು ಬಂದಿರಲಿಲ್ಲ. ಹದಿನಾಲ್ಕು ಮೆಟ್ಟಿಲಿಗೆ ಕಾಲು ಗಂಟೆ. ಬಲಗೈ ಗೋಡೆಯ ಸರಳಿನ ಮೇಲೆ, ಎಡಗೈ ಅವಳ ಭುಜದ ಮೇಲೆ. ಕೆಳಗೆ ಬಂದು, ಉಸಿರು ತಹಬಂದಿಗೆ ಬರಲೆಂದು ಕೊನೆಯ ಮೆಟ್ಟಿಲಿನ ಮೇಲೆ ಕೂತ. ಗಾಡಿಯನ್ನು ನೋಡಿದ. ಅವಳು ಬೆಳಿಗ್ಗೆಯೇ ಒರೆಸಿ, ಬಲಮಗ್ಗುಲು ಅವನಿಗೆ ಕಾಣುವಂತೆ ತಿರುಗಿಸಿ ನಿಲ್ಲಿಸಿದ್ದಳು. ಅವನ ಸೊಟ್ಟ ತುಟಿ ನಗುವಿಗೆ ಇನ್ನಷ್ಟು ಸೊಟ್ಟಗಾಯಿತು. "ಕೂರಿಸು ನನ್ನ." ಅವನನ್ನು ಕೂರಿಸುವುದು ನಿದ್ದೆಹೋದ ಮಗುವನ್ನು ಎಚ್ಚರವಾಗದಂತೆ ತೊಟ್ಟಿಲಿಗೆ ಹಾಕಿದಷ್ಟೇ ಕಷ್ಟವಾಯಿತು, ಕಾಲನ್ನು ಅವಳೇ ಎತ್ತಿ ದಾಟಿಸಿದಳು. ಕೂತವನು ಹ್ಯಾಂಡಲ್ ಹಿಡಿದು ಕಣ್ಣು ಮುಚ್ಚಿದ. ಬಲಗೈಯಿಂದ ಮುಂದಿನ ಬ್ರೇಕ್ ಹಿಡಿದ. ಅದು ಸತ್ತ ಹಾಗೆ ಒಳಗೆ ಹೋಯಿತು. ಮತ್ತೊಮ್ಮೆ ಹಿಡಿದ. "ಕೇಬಲ್ ಸಡಿಲ ಆಗಿದೆ," ಎಂದ ಕಣ್ಣು ತೆರೆಯದೆ. "ಇಷ್ಟು ತಿಂಗಳು ನಿಂತಿತ್ತಲ್ಲ. ಬಿಗಿ ಮಾಡಿದ್ರೆ ಸರಿಹೋಗುತ್ತೆ." ಅಲ್ಲಿಗೆ ಮುಗಿಯಿತು. ಹೌದು ಎಂದರೆ ಸಾಕಿತ್ತು. ಹೌದು ಎನ್ನಲು ಅವಳು ಬಾಯಿ ತೆರೆದೂ ಇದ್ದಳು. ಅಷ್ಟರಲ್ಲಿ ಅವನು ಟ್ಯಾಂಕಿನ ಮೇಲೆ ಕೈಯಾಡಿಸಿ, ಕಣ್ಣು ತೆರೆದು ಧೂಳಿಲ್ಲದ ಅಂಗೈಯನ್ನು ನೋಡಿಕೊಂಡು, "ನಾನು ಮತ್ತೆ ಇದರ ಮೇಲೆ ಕೂರ್ತೀನಿ ಅಂತ ನಂಬಿದವಳು ನೀನೊಬ್ಬಳೇ. ತಂಗಿ ಹೇಳಿದಳು. ಮಗು ಥರ ಮುಚ್ಚಿ ಕಟ್ಟಿ ಇಟ್ಟಿದ್ಯಂತೆ. ಅವಳಿಗೂ ನಂಬಿಕೆ ಹೋಗಿತ್ತಂತೆ ಕಣೆ, ನಿನ್ನ ನೋಡಿ ಧೈರ್ಯ ತಗೊಂಡಳಂತೆ," ಎಂದ.

"ಅದು ನಿಮ್ಮ ಚಕ್ರ ಅಲ್ಲ," ಎಂದಳು ಅವಳು.

ಅವನು ಅವಳ ಕಡೆ ತಿರುಗಿದ. "ಏನು?"

"ಮುಂದಿನದು. ಬ್ರೇಕ್ ಹಿಡಿಯೋಲ್ಲ ಅದು. ನೋಡೋಕೆ ಅಂತ ನಿನ್ನೆ ತಂದು ಹಾಕಿದೆ. ನಿಮ್ಮದನ್ನ ಫ್ಲ್ಯಾಶ್‌ಗೆ ಕೊಟ್ಟುಬಿಟ್ಟಿದ್ದೆ."

ಅವನು ತಲೆಯನ್ನು ನಿಧಾನವಾಗಿ, ಬಹಳ ದೂರದವರೆಗೆ ಎಡಕ್ಕೆ ತಿರುಗಿಸಿ, ಬಗ್ಗಿ ಚಕ್ರವನ್ನು ನೋಡಿದ. ಪ್ಲೇಟಿಲ್ಲದ ಡ್ರಮ್ಮು ಬಾಯಿ ಬಿಟ್ಟುಕೊಂಡಿತ್ತು. "ಯಾವಾಗ ಕೊಟ್ಟೆ?" ಎಂದ.

"ಹತ್ತೊಂಬತ್ತನೇ ದಿನ."

"ಅವನು ಕೇಳಿದನಾ?"

ಇಲ್ಲಿ ಒಂದು ಸುಳ್ಳಿಗೆ ಜಾಗವಿತ್ತು. "ಇಲ್ಲ," ಎಂದಳು. "ನಾನೇ ಅಂದೆ. ಇನ್ನು ಯಾರು ಓಡಿಸ್ತಾರೆ ಅಂತ. ಎರಡು ಸಲ ಅಂದೆ. ಅವರನ್ನ ಬರಬೇಡಿ ಅಂದದ್ದೂ ನಾನೇ. ಅವರು ಊರು ಬಿಟ್ಟು ಎಲ್ಲೂ ಹೋಗಿಲ್ಲ."

ಬೀದಿಯಲ್ಲಿ ಯಾರೋ ಬಕೆಟ್ಟಿನಿಂದ ನೀರು ಚೆಲ್ಲಿದರು. ಅವನ ಮುಖದ ಒಂದು ಭಾಗ ಅವಳಿಗೆ ಅರ್ಥವಾಗುತ್ತಿರಲಿಲ್ಲ, ಕಾಯಿಲೆ ಅದನ್ನು ಸಡಿಲ ಮಾಡಿತ್ತು. ಇನ್ನೊಂದು ಭಾಗವನ್ನು ನೋಡುವ ಧೈರ್ಯ ಬರಲಿಲ್ಲ. "ಅವನು ನನ್ನ ಮರೆತ ಅಂದ್ಕೊಂಡಿದ್ದೆ," ಎಂದ. ಆಮೇಲೆ, ಮೀಟರ್ ಓದಿ ಮನೆಯವರಿಗೆ ಅಂಕಿ ಹೇಳುವಾಗಿನ ದನಿಯಲ್ಲಿ, "ನಾನು ಸತ್ತಿದ್ರೆ ನೀನು ಮಾಡಿದ್ದು ಸರಿಯಾಗಿರ್ತಿತ್ತು," ಎಂದ. ಅದರಲ್ಲಿ ಬೈಗುಳವೂ ಇರಲಿಲ್ಲ, ಸಮಾಧಾನವೂ ಇರಲಿಲ್ಲ. ಬೈದಿದ್ದರೆ ಅಳಬಹುದಿತ್ತು. ಅವನು ಬದುಕಿದ್ದರಿಂದ ತಪ್ಪಾದದ್ದನ್ನು ಹೊತ್ತುಕೊಂಡು, ಅವನು ಬದುಕಿರುವಷ್ಟು ದಿನವೂ ಅವನ ಪಕ್ಕದಲ್ಲಿ ನಡೆಯಬೇಕು ಎಂಬುದು ಅವಳಿಗೆ ಆಗ ತಿಳಿಯಿತು.

ಇಳಿಸು ಎಂಬಂತೆ ಅವನು ಕೈ ಚಾಚಿದ. ಇಳಿಸಿ ಮೆಟ್ಟಿಲ ಮೇಲೆ ಕೂರಿಸಿದಳು. "ಅದನ್ನ ಬಿಚ್ಚಿಬಿಡು," ಎಂದ. "ಯಾರಾದ್ರೂ ತಿಳೀದೆ ತಗೊಂಡು ಹೋದ್ರೆ ಪ್ರಾಣಕ್ಕೆ ಬರುತ್ತೆ." ಅವಳು ಸ್ಪ್ಯಾನರ್ ತಂದು ನೆಲದ ಮೇಲೆ ಕೂತಳು. "ಫೋನ್ ಕೊಡು ಮೊದಲು. ಅವನ ನಂಬರ್ ಹಚ್ಚು." ಹಚ್ಚಿಕೊಟ್ಟು ಮತ್ತೆ ಬಂದು ಕೂತು, ಮೊದಲ ನಟ್ಟಿಗೆ ಸ್ಪ್ಯಾನರಿನ ಬಾಯಿ ಸಿಕ್ಕಿಸಿದಳು. ನಿನ್ನೆ ತಾನೇ ಎಷ್ಟು ಬಿಗಿದಿದ್ದಳೆಂದರೆ, ಮಿಸುಕಲಿಲ್ಲ. ಬೆನ್ನ ಹಿಂದೆ ಅವನು, "ಫ್ಲ್ಯಾಶಾ? ನಾನು ಕಣೋ," ಎಂದ. ಆಮೇಲೆ ಕೇಳಿಸಿಕೊಳ್ಳುತ್ತಿದ್ದ. ಆ ಕಡೆಯ ದನಿ, ಮಾತು ಯಾವುದೆಂದು ತಿಳಿಯದ ಹಾಗೆ, ಒಂದೇ ಸಮನೆ ಬರುತ್ತಿತ್ತು, ನಡುನಡುವೆ ಕಡಿಯುತ್ತಿತ್ತು. ಅಳುತ್ತಿರಬೇಕು. ಅವಳು ಸ್ಪ್ಯಾನರಿನ ಮೇಲೆ ಮೈಭಾರವೆಲ್ಲ ಹಾಕಿದಳು.

"ಇಲ್ಲ ಇಲ್ಲ, ಯಾರೂ ಕಂಡುಹಿಡೀಲಿಲ್ಲ," ಎಂದ ಅವನು ಫೋನಿಗೆ. "ಅವಳೇ ಹೇಳಿದಳು."

ಅದನ್ನು ಅವನು ದೂರಿನಂತೆ ಹೇಳಿದನೋ, ಅವಳ ಪರವಾಗಿ ಹೇಳಿದನೋ ಗೊತ್ತಾಗಲಿಲ್ಲ. ತಿರುಗಿ ಅವನ ಮುಖ ನೋಡಿದರೆ ಗೊತ್ತಾಗುತ್ತಿತ್ತೇನೋ. ಅವಳು ತಿರುಗಲಿಲ್ಲ. ನಟ್ಟು ಕಿರ್ರೆಂದು ಒಂದು ಎಳೆಯಷ್ಟು ಸಡಿಲಿತು. ಸ್ಪ್ಯಾನರ್ ತೆಗೆದು, ಮತ್ತೆ ಸಿಕ್ಕಿಸಿ, ಇನ್ನೊಂದು ಎಳೆ ತಿರುವಿದಳು.